ರೆಪ್ಪೆ ಮೇಲೆ ಹಳದಿ ಕಲೆ, ಅಂಚಿನಲ್ಲಿ ನರಹುಲಿ: ಪಾರ್ಲರ್‌ನಲ್ಲಿ ಸುಡಿಸಬಹುದಾ?

ಮಲ್ಲಿಗೆದಂಡೆ (ಹಾಸನ):

ಎಲ್ಲರಿಗೂ ನಮಸ್ಕಾರ. ನನಗೆ 42 ವರ್ಷ. ಎರಡೂ ಕಣ್ಣಿನ ಮೇಲಿನ ರೆಪ್ಪೆಯಲ್ಲಿ, ಮೂಗಿನ ಕಡೆಯ ಮೂಲೆಗೆ, ತಿಳಿ ಹಳದಿ ಬಣ್ಣದ ಕಲೆ ಎದ್ದಿದೆ. ಸ್ವಲ್ಪ ಉಬ್ಬಿದೆ, ಮುಟ್ಟಿದರೆ ಮೆತ್ತಗಿದೆ. ನೋವಿಲ್ಲ, ತುರಿಕೆ ಇಲ್ಲ. ಮೊದಲು ಬಲಗಣ್ಣಲ್ಲಿ ಅಕ್ಕಿಕಾಳಿನಷ್ಟು ಇತ್ತು, ಈಗ ಎಡಗಣ್ಣಲ್ಲೂ ಶುರುವಾಗಿದೆ. ಇದು ಸಾಲದು ಅಂತ ಬಲಗಣ್ಣಿನ ಕೆಳರೆಪ್ಪೆಯ ಅಂಚಿನಲ್ಲಿ ಮೈಬಣ್ಣದ್ದೇ ಒಂದು ಸಣ್ಣ ನರಹುಲಿ ನೇತಾಡುತ್ತಿದೆ. ಕಾಡಿಗೆ ಹಚ್ಚುವಾಗೆಲ್ಲ ಕೈಗೆ ತಗಲುತ್ತದೆ.

ಪಾರ್ಲರ್ ಹುಡುಗಿ "ಪ್ಲಾಸ್ಮಾ ಪೆನ್ ತರಿಸಿದ್ದೀನಿ ಅಕ್ಕ, ಎರಡನ್ನೂ ಒಂದೇ ಸಲ ಸುಟ್ಟು ತೆಗೀತೀನಿ" ಅಂತಾಳೆ. ಅತ್ತೆ ನರಹುಲಿಗೆ ತಲೆಕೂದಲು ಬಿಗಿದು ಕಟ್ಟು, ತಾನೇ ಒಣಗಿ ಬೀಳುತ್ತೆ ಅಂತಾರೆ. ವಾಟ್ಸಾಪ್‌ನಲ್ಲಿ ಯಾರೋ ಬೆಳ್ಳುಳ್ಳಿ ಜಜ್ಜಿ ಹಚ್ಚಿ ಅಂದರು. ನಮ್ಮ ಮನೆಯವರು ಮಾತ್ರ "ನೋವಿಲ್ಲ ಅಲ್ವಾ, ಸುಮ್ನೆ ಬಿಡು" ಅಂತ ಪೇಪರ್ ಓದ್ತಾ ಕೂತಿದ್ದಾರೆ. ನನಗೆ ಒಳಗೊಳಗೇ ಕ್ಯಾನ್ಸರ್ ಭಯ. ಇದು ಏನು? ಚರ್ಮದ ಡಾಕ್ಟರ ಹತ್ತಿರ ಹೋಗಬೇಕಾ, ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾ?

ರಾಗಿರೊಟ್ಟಿ:

ಅಕ್ಕ, ಬೆಳ್ಳುಳ್ಳಿ ಮಾತ್ರ ದಯವಿಟ್ಟು ಬೇಡ. ಹಸಿ ಬೆಳ್ಳುಳ್ಳಿ ಅಂಗೈ ಚರ್ಮಕ್ಕೇ ಬೊಬ್ಬೆ ಎಬ್ಬಿಸುತ್ತದೆ. ರೆಪ್ಪೆ ಚರ್ಮ ನಮ್ಮ ಮೈಯಲ್ಲೇ ಅತ್ಯಂತ ತೆಳು, ಅರ್ಧ ಮಿಲಿಮೀಟರ್ ಕೂಡ ಸರಿಯಾಗಿ ಇರುವುದಿಲ್ಲ. ನಮ್ಮೂರ ಕಡೆ ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಇಡೋರೂ ಇದ್ದಾರೆ. ಅದು ಕಣ್ಣೊಳಗೆ ಇಳಿದರೆ ಕಲೆ ಹೋಗೋದಿರಲಿ, ಕಣ್ಣೇ ಹೋಗುತ್ತದೆ. ಕೂದಲು ಕಟ್ಟೋದನ್ನ ಕತ್ತಿನ ನರಹುಲಿಗೆ ಮಾಡೋರನ್ನ ನೋಡಿದ್ದೀನಿ. ಕೆಲವರಿಗೆ ಬೀಳುತ್ತೆ, ಕೆಲವರಿಗೆ ಊದಿ ಕೀವಾಗುತ್ತೆ. ರೆಪ್ಪೆ ಅಂಚಿಗೆ ಕಟ್ಟಿದರೆ ಗಂಟಿನ ತುದಿ ಕಣ್ಣುಗುಡ್ಡೆಗೆ ಉಜ್ಜುತ್ತಾ ಇರುತ್ತದೆ, ಅದು ಬೇಕಾ?

ಕಣ್ಣುಡಾಕ್ಟ್ರು:

ನೋಡದೆ ಖಚಿತವಾಗಿ ಹೇಳೋಕಾಗಲ್ಲ, ಆದರೆ ನೀವು ವಿವರಿಸಿದ ರೀತಿ ನೋಡಿದರೆ ಇವು ಎರಡು ಬೇರೆ ಬೇರೆ ತೊಂದರೆ. ಎರಡನ್ನೂ ಒಂದೇ ಪೆನ್ನಲ್ಲಿ ಸುಡ್ತೀನಿ ಅನ್ನೋರಿಗೆ ಯಾವುದು ಏನು ಅಂತ ಗೊತ್ತಿಲ್ಲ ಅಂತಲೇ ಅರ್ಥ.

ಮೂಗಿನ ಕಡೆ ಮೂಲೆಯಲ್ಲಿ, ಎರಡೂ ಕಣ್ಣಿಗೆ ಬರುವ ಮೆತ್ತನೆಯ ಹಳದಿ ಕಲೆ ಹೆಚ್ಚಾಗಿ ಕ್ಸಾಂಥಲಾಸ್ಮಾ. ಕೊಲೆಸ್ಟ್ರಾಲ್ ನುಂಗಿ ಉಬ್ಬಿದ ಜೀವಕೋಶಗಳು ಚರ್ಮದೊಳಗೆ ಗುಂಪು ಕಟ್ಟಿಕೊಂಡಿರುತ್ತವೆ, ಹಳದಿ ಬಣ್ಣ ಅದರಿಂದಲೇ. ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗೋದೂ ಇಲ್ಲ, ಅಂಟೋದೂ ಇಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಮನೆಯವರು ಹೇಳಿದ್ದು ಸರಿ. ಆದರೆ ಸುಮ್ನೆ ಬಿಡೋ ಮುಂಚೆ ಒಂದು ಕೆಲಸ ಆಗಲೇಬೇಕು: ರಕ್ತ ಪರೀಕ್ಷೆ. ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್, ಕೊಬ್ಬಿನ ಪರೀಕ್ಷೆ), ಶುಗರ್, ಥೈರಾಯ್ಡ್ ಮಾಡಿಸಿ, ಬಿಪಿನೂ ನೋಡಿಸಿ. ಈ ಕಲೆ ಇರುವ ಸುಮಾರು ಅರ್ಧದಷ್ಟು ಜನರಿಗೆ ಕೊಲೆಸ್ಟ್ರಾಲ್ ನಾರ್ಮಲ್ ಆಗಿಯೇ ಇರುತ್ತದೆ, ಹಾಗಾಗಿ ಈಗಲೇ ಗಾಬರಿ ಬೇಡ. ಹಾಗಂತ ರಿಪೋರ್ಟ್ ನಾರ್ಮಲ್ ಬಂತು ಅಂತ ಪೂರ್ತಿ ಮರೆಯೋ ಹಾಗೂ ಇಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1970ರ ದಶಕದ ಕೊನೆಯಲ್ಲಿ ಶುರು ಮಾಡಿ 12,745 ಜನರನ್ನು ದಶಕಗಳ ಕಾಲ ಗಮನಿಸಿದರು. ಅವರಲ್ಲಿ ಶೇ. 4.4ರಷ್ಟು ಜನರಿಗೆ ಈ ಹಳದಿ ಕಲೆ ಇತ್ತು. 2011ರಲ್ಲಿ ಬಂದ ಫಲಿತಾಂಶದ ಪ್ರಕಾರ ಕಲೆ ಇದ್ದವರಿಗೆ ಹೃದಯಾಘಾತದ ಸಾಧ್ಯತೆ ಜಾಸ್ತಿ, ಕೊಲೆಸ್ಟ್ರಾಲ್, ಬಿಪಿ, ಸಿಗರೇಟು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಜಾಸ್ತಿಯೇ. ನಿಮ್ಮ ಅಪ್ಪ ಅಮ್ಮ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹಾರ್ಟ್ ತೊಂದರೆ ಇದ್ದರೆ ಅದನ್ನ ಡಾಕ್ಟರಿಗೆ ಮರೆಯದೆ ಹೇಳಿ. ಪಾರ್ಲರ್‌ನಲ್ಲಿ ಕಲೆ ಸುಟ್ಟುಕೊಂಡು ಕನ್ನಡಿ ನೋಡಿ ಖುಷಿಪಟ್ಟು ಈ ಪರೀಕ್ಷೆ ತಪ್ಪಿಸಿಕೊಳ್ಳೋರು ಇದ್ದಾರಲ್ಲ, ನನ್ನ ಸಿಟ್ಟು ಅದಕ್ಕೇ.

ಕೆಳರೆಪ್ಪೆಯಲ್ಲಿ ನೇತಾಡೋದು ಸ್ಕಿನ್ ಟ್ಯಾಗ್, ಅಂದರೆ ಚರ್ಮವೇ ಸಣ್ಣದಾಗಿ ಜೋತುಬಿದ್ದಿರೋದು, ಇರಬಹುದು. ವೈರಸ್‌ನಿಂದ ಬರುವ ನರಹುಲಿಯೂ ಇರಬಹುದು, ಅದರ ಮೈ ಒರಟು. ಎರಡೂ ಸಣ್ಣ ಕೆಲಸ. ಮರಗಟ್ಟಿಸಿ ಕತ್ತರಿಸಿದರೆ ಆಯ್ತು, ಅನುಮಾನ ಇದ್ದರೆ ತುಣುಕನ್ನ ಲ್ಯಾಬಿಗೆ ಕಳಿಸ್ತಾರೆ. ಸುಟ್ಟುಬಿಟ್ಟರೆ ಕಳಿಸೋಕೆ ಏನೂ ಉಳಿಯೋದಿಲ್ಲ. ಸ್ಕಿನ್ ಟ್ಯಾಗ್ ಕತ್ತು, ಕಂಕುಳಲ್ಲೂ ಜಾಸ್ತಿ ಇದ್ದರೆ ಶುಗರ್ ಪರೀಕ್ಷೆಗೆ ಅದೂ ಒಂದು ಕಾರಣ.

ಯಾವ ಡಾಕ್ಟರ್ ಅಂದರೆ, ರೆಪ್ಪೆಯ ಅಂಚಿನ ಕೆಲಸಕ್ಕೆ ಕಣ್ಣಿನವರೇ ಸರಿ, ಅದರಲ್ಲೂ ಆಕ್ಯುಲೋಪ್ಲಾಸ್ಟಿ, ಅಂದರೆ ರೆಪ್ಪೆಯ ಆಪರೇಷನ್, ಮಾಡೋರು. ಹಳದಿ ಕಲೆಯನ್ನ ಅನುಭವ ಇರುವ ಚರ್ಮದ ಡಾಕ್ಟರೂ ತೆಗೀತಾರೆ.

ಹೊಸ್ತಿಲು:

ನಾನಿರೋದು ಅಮೆರಿಕದ ಟೆಕ್ಸಾಸ್‌ನಲ್ಲಿ. ಇಲ್ಲಿ ಆನ್‌ಲೈನ್‌ನಲ್ಲಿ ನರಹುಲಿ, ಮಚ್ಚೆ ತೆಗೆಯೋ ಮುಲಾಮು, ಡ್ರಾಪ್ಸ್ ರಾಶಿ ರಾಶಿ ಸಿಗುತ್ತವೆ. ಇಂಥವನ್ನ ಮಾರುತ್ತಿದ್ದ ಕಂಪನಿಗಳಿಗೆ ಇಲ್ಲಿನ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಕೆ ಪತ್ರ ಕಳಿಸಿತು. ಚೀಟಿ ಇಲ್ಲದೆ ಕೊಳ್ಳಬಹುದಾದ, ಮಚ್ಚೆ ಅಥವಾ ಸ್ಕಿನ್ ಟ್ಯಾಗ್ ತೆಗೆಯುವ ಯಾವ ಔಷಧಿಗೂ ಅವರ ಒಪ್ಪಿಗೆ ಇಲ್ಲ. ಅದೇ ಮಾಲು ಊರಲ್ಲೂ ಮೊಬೈಲ್ ಒತ್ತಿದರೆ ಮನೆ ಬಾಗಿಲಿಗೆ ಬರುತ್ತೆ, ಹುಷಾರು.

ತುಂಗಾತೀರ:

ನನಗೂ ಇದೇ ಹಳದಿ ಕಲೆ ಇತ್ತು. ನಮ್ಮೂರ ಒಂದು ಸ್ಕಿನ್ ಕ್ಲಿನಿಕ್‌ನಲ್ಲಿ ಆಸಿಡ್ ಹಚ್ಚಿದರು, ಟಿಸಿಎ ಅಂತಾರೆ. ಕಡ್ಡಿಗೆ ಹತ್ತಿ ಸುತ್ತಿ ತಾಗಿಸಿದ ತಕ್ಷಣ ಕಲೆ ಮೇಲೆ ಬೆಳ್ಳಗೆ ಹಿಮ ಕೂತ ಹಾಗಾಯಿತು, ಉರಿಗೆ ಕಣ್ಣಲ್ಲಿ ನೀರು. ಆಮೇಲೆ ಕಪ್ಪು ಪೊರೆ ಕಟ್ಟಿ ಉದುರಿತು. ಕಲೆ ಹೋಯ್ತು ನಿಜ. ಆ ಜಾಗ ಮಾತ್ರ ಈಗ ಬಿಳಿಚಿಕೊಂಡಿದೆ. ನಮ್ಮ ಬಣ್ಣದ ಚರ್ಮಕ್ಕೆ ಹೀಗಾಗಬಹುದು ಅಂತ ಮೊದಲು ಒಂದು ಮಾತು ಹೇಳಲಿಲ್ಲ, ಕೇಳಿದ್ದಕ್ಕೆ "ಹೋಗುತ್ತೆ ಬಿಡಿ" ಅಂದರು. ಎಡಗಣ್ಣಿಗೆ ಬೇರೆ ಕಡೆ ಆಪರೇಷನ್ ಮಾಡಿಸಿದೆ. ಸೂಜಿ ಚುಚ್ಚಿದಾಗ ಒಂದು ಕ್ಷಣ ಚುರ್ ಅಂತು ಅಷ್ಟೇ. ಗಾಯದ ಗೆರೆ ರೆಪ್ಪೆಯ ಮಡಿಕೆಯಲ್ಲೇ ಅಡಗಿದೆ, ಹುಡುಕಿದರೂ ಕಾಣಲ್ಲ. ಇನ್ಶೂರೆನ್ಸ್ ಕೇಳಬೇಡಿ. ಕಾಸ್ಮೆಟಿಕ್ ಅಂದರು, ಕ್ಲೇಮ್ ಸಿಗಲಿಲ್ಲ.

ಮಲ್ಲಿಗೆದಂಡೆ (ಹಾಸನ):

ಎಲ್ಲರಿಗೂ ಥ್ಯಾಂಕ್ಸ್. ರಕ್ತ ಕೊಟ್ಟು ಬಂದೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 178 ಬಂದಿದೆ. ಶುಗರ್, ಥೈರಾಯ್ಡ್ ಸರಿ ಇದೆ. ನಮ್ಮಪ್ಪನಿಗೆ 50 ದಾಟುವ ಮೊದಲೇ ಸ್ಟೆಂಟ್ ಹಾಕಿದ್ದರು, ಇದಕ್ಕೂ ಅದಕ್ಕೂ ಸಂಬಂಧ ಇರಬಹುದು ಅಂತ ಈಗ ಹೊಳೀತಿದೆ. ಮಾತ್ರೆ ತಗೊಂಡು, ಎಣ್ಣೆ ತುಪ್ಪ ಕಮ್ಮಿ ಮಾಡಿದರೆ ಈ ಕಲೆ ತಾನೇ ಕರಗುತ್ತಾ ಡಾಕ್ಟ್ರೇ? ತೆಗೆಸಿದರೆ ಮತ್ತೆ ಬರುತ್ತಾ?

ಕಣ್ಣುಡಾಕ್ಟ್ರು:

178 ಜಾಸ್ತಿನೇ, ಅದರ ಜೊತೆ ಅಪ್ಪನ ವಿಷಯ ಬೇರೆ. ಮೊದಲು ಫಿಸಿಷಿಯನ್ ಹತ್ತಿರ ಹೋಗಿ, ಕಲೆ ವಿಚಾರ ಆಮೇಲೆ. ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸೋಕೆ ಹೇಳಿ. ಕೊಲೆಸ್ಟ್ರಾಲ್ ಮಾತ್ರೆ ಹೃದಯಕ್ಕೆ, ರಕ್ತನಾಳಕ್ಕೆ. ಕಲೆ ಅದರಿಂದ ಕರಗುತ್ತೆ ಅಂತ ನಂಬಿಕೊಂಡು ಕೂರಬೇಡಿ, ಕೆಲವರಿಗೆ ಸ್ವಲ್ಪ ತಿಳಿಯಾಗಬಹುದು ಅಷ್ಟೇ. ಕಲೆ ಹೋಗಲಿಲ್ಲ ಅಂತ ಮಾತ್ರೆ ನಿಲ್ಲಿಸೋರೂ ಇದ್ದಾರೆ, ಹಾಗೆ ಮಾಡಬೇಡಿ.

ಮತ್ತೆ ಬರುತ್ತಾ ಅಂದರೆ, ಬರಬಹುದು. ಆಪರೇಷನ್, ಲೇಸರ್, ಆಸಿಡ್, ರೇಡಿಯೋ ಫ್ರೀಕ್ವೆನ್ಸಿ, ಯಾವುದಕ್ಕೂ ಗ್ಯಾರಂಟಿ ಇಲ್ಲ. ನಾಲ್ಕೂ ರೆಪ್ಪೆಗೆ ಬಂದವರಿಗೆ, ಕೊಲೆಸ್ಟ್ರಾಲ್ ಹತೋಟಿಗೆ ಬರದವರಿಗೆ ಮರಳಿ ಬರೋದು ಜಾಸ್ತಿ. ಲೇಸರ್ ಮಾಡಿಸೋದಾದರೆ ರೆಪ್ಪೆ ಒಳಗೆ ಕಣ್ಣುಗುಡ್ಡೆ ಮೇಲೆ ಲೋಹದ ಮುಚ್ಚಳ ಇಡ್ತಾರಾ ಅಂತ ಕೇಳಿ. ಇಡಲ್ಲ ಅಂದರೆ ಎದ್ದು ಬನ್ನಿ. ಕತ್ತರಿಸೋದರಲ್ಲೂ ಒಂದು ಮಿತಿ ಇದೆ. ಚರ್ಮ ಜಾಸ್ತಿ ತೆಗೆದರೆ ಕಣ್ಣು ಪೂರ್ತಿ ಮುಚ್ಚೋದಿಲ್ಲ, ಕೆಳರೆಪ್ಪೆಯಾದರೆ ಹೊರಗೆ ಮಗುಚಿಕೊಳ್ಳುತ್ತದೆ. ಹಾಗಾಗಿ ಚಿಕ್ಕದಿರುವಾಗ ತೆಗೆಸೋದು ಸುಲಭ.

ಸೀಬೆಮರ:

ಇದೇ ಜಾಗದಲ್ಲಿ ನಾನೂ ಕೇಳಿಬಿಡ್ತೀನಿ. ನಮ್ಮಮ್ಮನಿಗೆ 67. ಮೇಲಿನ ರೆಪ್ಪೆಯಲ್ಲಿ ಗಟ್ಟಿ ಗಂಟು, ನೋವಿಲ್ಲ. ಕಣ್ಣಿನ ಕುರು ಇರಬೇಕು ಅಂತ ಬಿಸಿ ಶಾಖ ಕೊಡ್ತಾ ಇದ್ದೀವಿ. ಹೋದ ವರ್ಷ ಇದೇ ಜಾಗದ್ದನ್ನ ಕೊಯ್ದು ತೆಗೆಸಿದ್ದೆವು, ಮತ್ತೆ ಬಂದಿದೆ.

ಕಣ್ಣುಡಾಕ್ಟ್ರು:

ನಿಮ್ಮದು ಬೇರೆ ಕಥೆ, ತಡ ಮಾಡಬೇಡಿ. ರೆಪ್ಪೆಯೊಳಗಿನ ಎಣ್ಣೆ ಗ್ರಂಥಿ ಕಟ್ಟಿಕೊಂಡು ಗಂಟಾಗೋದು ಸಾಮಾನ್ಯ, ಕೆಲೇಜಿಯನ್ ಅಂತಾರೆ. ವಯಸ್ಸಿನ ಹುಡುಗರಿಗಾದರೆ ನಾನೂ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ದಿನಕ್ಕೆ ಮೂರ್ನಾಲ್ಕು ಸಲ ಹತ್ತು ಹತ್ತು ನಿಮಿಷ ಇಡಿ ಅಂತಲೇ ಹೇಳ್ತೀನಿ. ಆದರೆ ವಯಸ್ಸಾದವರಿಗೆ ತೆಗೆದ ಜಾಗದಲ್ಲೇ ಮತ್ತೆ ಬಂದರೆ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳಲೇಬೇಕು. ಅದು ನೋಡೋಕೆ ಕೆಲೇಜಿಯನ್ ತರಾನೇ ಇರುತ್ತದೆ, ಮತ್ತು ರೆಪ್ಪೆ ಕ್ಯಾನ್ಸರ್‌ಗಳಲ್ಲಿ ಅದರ ಪಾಲು ಪಶ್ಚಿಮದ ದೇಶಗಳಿಗಿಂತ ನಮ್ಮಲ್ಲಿ ಜಾಸ್ತಿ. ಗಂಟಿನ ಹತ್ತಿರ ರೆಪ್ಪೆಕೂದಲು ಉದುರಿದೆಯಾ, ಅಂಚು ದಪ್ಪಗಾಗಿದೆಯಾ, ಒಂದೇ ಕಣ್ಣು ಸದಾ ಕೆಂಪಗಿರುತ್ತಾ, ಇವತ್ತೇ ಬೆಳಕಲ್ಲಿ ನೋಡಿ. ಇವು ಯಾವುದೂ ಇಲ್ಲದಿದ್ದರೂ ಬಯಾಪ್ಸಿ, ಅಂದರೆ ತುಣುಕು ತೆಗೆದು ಲ್ಯಾಬಲ್ಲಿ ಪರೀಕ್ಷೆ ಮಾಡಿಸೋದು, ಬೇಕು. ಹೋದ ವರ್ಷ ತೆಗೆದಿದ್ದನ್ನ ಲ್ಯಾಬಿಗೆ ಕಳಿಸಿದ್ದರಾ ಅಂತ ಆ ಆಸ್ಪತ್ರೆಯಲ್ಲಿ ಕೇಳಿ, ಕಳಿಸಿದ್ದರೆ ರಿಪೋರ್ಟ್ ತಗೊಂಡೇ ಹೋಗಿ. ಬೆಂಗಳೂರಿಗೆ ಹತ್ತಿರ ಇದ್ದರೆ ಮಿಂಟೋ ಇದೆ, ಸರ್ಕಾರಿ ಕಣ್ಣಾಸ್ಪತ್ರೆ. ಮೈಸೂರು, ಹುಬ್ಬಳ್ಳಿ ಕಡೆಯಾದರೆ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗಕ್ಕೆ ಹೋಗಿ. ಅಲ್ಲಿಯವರೆಗೆ ಶಾಖ ನಿಲ್ಲಿಸಿ, ಗಂಟನ್ನ ಒತ್ತಿ ಹಿಂಡೋಕೆ ಹೋಗಬೇಡಿ.