ಚಿಮಣಿಯ ಎತ್ತರ ಬೇಡ, ದ್ರಾವಕದ ಲೆಕ್ಕ ಕೊಡಿ

ಸಂಘದ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ರಾತ್ರಿ ಬರುವ ವಾಸನೆಯ ಬಗ್ಗೆ ನಾವು ಕೊಟ್ಟ ದೂರಿಗೆ ಔಷಧ ಕಾರ್ಖಾನೆಯವರು ಉತ್ತರ ಕಳುಹಿಸಿದ್ದಾರೆ. ಚಿಮಣಿ ಎತ್ತರಿಸುತ್ತಾರಂತೆ, ಕಾಂಪೌಂಡಿನ ಉದ್ದಕ್ಕೂ ಗಿಡ ನೆಡುತ್ತಾರಂತೆ, ರಾತ್ರಿ ವಾಸನೆ ಮುಚ್ಚುವ ಸುಗಂಧ ದ್ರವ ಸಿಂಪಡಿಸುತ್ತಾರಂತೆ. ಒಪ್ಪಿಗೆ ಇದ್ದರೆ ಸಹಿ ಮಾಡಿ ಕೊಡಿ ಎಂದಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಉದ್ಯಾನದ ಕಟ್ಟೆಯ ಬಳಿ ಸಭೆ ಇದೆ. ಅದಕ್ಕೆ ಮೊದಲು ನಿಮ್ಮ ಅಭಿಪ್ರಾಯ ತಿಳಿಸಿ.

2ನೇ ಅಡ್ಡರಸ್ತೆಯ ನಿವಾಸಿ
ಅಣ್ಣಾ, ಸಹಿ ಹಾಕಲೇಬೇಡಿ. ರಾತ್ರಿ ಹನ್ನೊಂದು ದಾಟಿದರೆ ಕೊಳೆತ ಎಲೆಕೋಸಿನ ವಾಸನೆ. ಕಿಟಕಿ ಮುಚ್ಚಿದರೂ ಬರುತ್ತದೆ. ಸಣ್ಣ ಮಗು ಕೆಮ್ಮುತ್ತಾ ಎದ್ದು ಕೂರುತ್ತದೆ. ಸುಗಂಧ ಸಿಂಪಡಿಸಿದರೆ ಕೆಮ್ಮು ನಿಲ್ಲುತ್ತದೆಯೇ? ಕಾರ್ಖಾನೆಯನ್ನೇ ಮುಚ್ಚಿಸೋಣ.

5ನೇ ಅಡ್ಡರಸ್ತೆಯ ನಿವಾಸಿ
ಅಕ್ಕಾ, ನಿಮ್ಮ ಸಂಕಟ ನನ್ನದೂ ಹೌದು. ಆದರೆ ನನ್ನ ತಮ್ಮ ಅಲ್ಲಿಯೇ ಪಾಳಿಯಲ್ಲಿ ದುಡಿಯುತ್ತಾನೆ. ಅದು ಮುಚ್ಚಿದರೆ ಅವನಂಥ ಹುಡುಗರು ಹೈದರಾಬಾದಿಗೋ ಬೆಂಗಳೂರಿಗೋ ಗುಳೆ ಹೋಗಬೇಕು. ನಮಗಿಂತ ಮೊದಲು ಆ ಗಾಳಿ ಕುಡಿಯುವವರು ಒಳಗಿರುವವರು. ಅವರಿಗೂ ಒಳ್ಳೆಯದಾಗುವಂಥ ದಾರಿ ಹುಡುಕಿ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು
ಆ ದಾರಿ ಇದೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ವಾಸನೆ. ಕೊಳೆತ ಎಲೆಕೋಸಿನ ವಾಸನೆ ಹೆಚ್ಚಾಗಿ ಗಂಧಕ ಸೇರಿದ ಮರ್ಕ್ಯಾಪ್ಟನ್‌ಗಳದು. ಸೋರಿಕೆ ತಿಳಿಯಲಿ ಎಂದು ಅಡುಗೆ ಅನಿಲಕ್ಕೆ ಬೆರೆಸುವುದೂ ಅದೇ ಗುಂಪಿನ ವಸ್ತುವನ್ನು. ನೂರು ಕೋಟಿ ಪಾಲು ಗಾಳಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗು ಅದನ್ನು ಹಿಡಿಯುತ್ತದೆ. ಆದರೆ ಔಷಧ ತಯಾರಿಕೆಯಲ್ಲಿ ಬಳಸುವ ಮೀಥೈಲೀನ್ ಕ್ಲೋರೈಡ್‌ನಂಥ ದ್ರಾವಕದ, ಅಂದರೆ ಬೇರೆ ವಸ್ತುಗಳನ್ನು ಕರಗಿಸುವ ದ್ರವದ, ವಾಸನೆ ಮೂಗಿಗೆ ತಿಳಿಯುವಷ್ಟರಲ್ಲಿ ಅದು ಸುರಕ್ಷಿತ ಮಿತಿಯನ್ನು ದಾಟಿರುತ್ತದೆ. ಸುಗಂಧ ಸಿಂಪಡಿಸಿದರೆ ನಮಗಿರುವ ಒಂದೇ ಎಚ್ಚರಿಕೆಯೂ ಹೋಗುತ್ತದೆ. ಆ ಪ್ರಸ್ತಾವವನ್ನು ನಾನು ಕಟುವಾಗಿ ವಿರೋಧಿಸುತ್ತೇನೆ.

ಎರಡನೆಯದು ಚಿಮಣಿ. ಚಿಮಣಿ ಇರುವುದು ಬಾಯ್ಲರಿನ ಹೊಗೆಗೆ. ದ್ರಾವಕದ ಆವಿ ಹೊರಬರುವುದು ರಾಸಾಯನಿಕ ಕ್ರಿಯೆ ನಡೆಯುವ ಪಾತ್ರೆಯಾದ ರಿಯಾಕ್ಟರಿನ ಗಾಳಿಕೊಳವೆಯಿಂದ, ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಮತ್ತು ಒಣಗಿಸುವ ಯಂತ್ರಗಳಿಂದ, ಮುಚ್ಚಳವಿಲ್ಲದ ಡ್ರಮ್ಮುಗಳಿಂದ, ತ್ಯಾಜ್ಯ ನೀರಿನ ತೊಟ್ಟಿಗಳಿಂದ. ಇವೆಲ್ಲ ನೆಲದ ಹತ್ತಿರ ಇರುತ್ತವೆ. ಚಳಿಗಾಲದ ರಾತ್ರಿ ಗಾಳಿ ನಿಂತು ನೆಲ ತಣ್ಣಗಾದಾಗ ತಂಪು ಗಾಳಿ ಕೆಳಗೆ, ಬೆಚ್ಚನೆಯ ಪದರ ಮೇಲೆ ಕೂರುತ್ತದೆ. ಆವಿ ಮೇಲೇರಲಾರದೆ ನಮ್ಮ ಬಡಾವಣೆಯ ಮೇಲೆ ಹರಡುತ್ತದೆ. ಹನ್ನೊಂದರ ನಂತರ ವಾಸನೆ ಹೆಚ್ಚುವುದಕ್ಕೆ ಇದೂ ಕಾರಣ. ಚಿಮಣಿಯನ್ನು ಎಷ್ಟು ಎತ್ತರಿಸಿದರೂ ಇದು ಬದಲಾಗದು.

ಹಾಗಾದರೆ ಕೇಳಬೇಕಾದದ್ದು ಏನು? ಒಂದು ಕಿಲೋ ಔಷಧಕ್ಕೆ ಎಷ್ಟು ಕಿಲೋ ದ್ರಾವಕ ಒಳಗೆ ಹೋಗುತ್ತದೆ, ಅದರಲ್ಲಿ ಎಷ್ಟು ಮರಳಿ ಸಿಗುತ್ತದೆ, ಉಳಿದದ್ದು ಎಲ್ಲಿಗೆ ಹೋಗುತ್ತದೆ? ರೋಜರ್ ಶೆಲ್ಡನ್ ಎಂಬ ರಸಾಯನ ವಿಜ್ಞಾನಿ 1992ರಲ್ಲಿ ಪ್ರಕಟಿಸಿದ ಇ-ಫ್ಯಾಕ್ಟರ್ ಎಂಬ ಲೆಕ್ಕವಿದೆ. ಅವರ ಪಟ್ಟಿಯಲ್ಲಿ ತೈಲ ಶುದ್ಧೀಕರಣದಲ್ಲಿ ಒಂದು ಕಿಲೋ ಉತ್ಪನ್ನಕ್ಕೆ 0.1 ಕಿಲೋ ತ್ಯಾಜ್ಯ, ಔಷಧದಲ್ಲಿ 25ರಿಂದ 100 ಕಿಲೋ, ಕೆಲವೊಮ್ಮೆ ಇನ್ನೂ ಹೆಚ್ಚು. ಇದರ ದೊಡ್ಡ ಪಾಲು ದ್ರಾವಕಗಳದೇ. 1998ರಲ್ಲಿ ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನಶಾಸ್ತ್ರದ 12 ತತ್ವಗಳನ್ನು ಬರೆದಾಗ ಮೊದಲನೆಯದಾಗಿ ಇಟ್ಟದ್ದು ಇದನ್ನೇ: ತ್ಯಾಜ್ಯ ಹುಟ್ಟಿದ ಮೇಲೆ ಶುದ್ಧಿ ಮಾಡುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಮೇಲು.

ಔಷಧ ಅಂಗಡಿಯವರು, ಮುಖ್ಯರಸ್ತೆ
ಸರ್, ಇದೆಲ್ಲ ಮಾಡಿಸಿದರೆ ಮಾತ್ರೆಯ ಬೆಲೆ ಏರುವುದಿಲ್ಲವೇ? ಅವರ ಮೊದಲ ಉತ್ತರವೇ ಅದಾಗಿರುತ್ತದೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು
ನೀವು ದಿನವೂ ಮಾರುವ ನೋವಿನ ಮಾತ್ರೆ ಐಬುಪ್ರೊಫೇನ್ ತೆಗೆದುಕೊಳ್ಳಿ. 1960ರ ದಶಕದ ಬೂಟ್ಸ್ ಕಂಪನಿಯ ವಿಧಾನದಲ್ಲಿ ಆರು ಹಂತಗಳಿದ್ದವು. ಒಳಗೆ ಹಾಕಿದ ಪರಮಾಣುಗಳಲ್ಲಿ ಶೇ. 40ರಷ್ಟು ಮಾತ್ರ ಔಷಧವಾಗುತ್ತಿದ್ದವು. ನಂತರ ಬಂದ ಬಿಎಚ್‌ಸಿ ಕಂಪನಿಯ ವಿಧಾನ ಮೂರೇ ಹಂತದ್ದು, ಬಳಕೆ ಶೇ. 77ಕ್ಕೆ ಏರಿತು. ಅದಕ್ಕೆ 1997ರಲ್ಲಿ ಅಮೆರಿಕದ ಅಧ್ಯಕ್ಷೀಯ ಹಸಿರು ರಸಾಯನ ಪ್ರಶಸ್ತಿ ಬಂತು. ಖಿನ್ನತೆಗೆ ಕೊಡುವ ಸರ್ಟ್ರಲೀನ್‌ನಲ್ಲಿ ಫೈಜರ್ ಕಂಪನಿ ಮೂರು ಹಂತಗಳನ್ನು ಒಂದಾಗಿಸಿ, ಟಾಲ್ವೀನ್, ಹೆಕ್ಸೇನ್, ಮೀಥೈಲೀನ್ ಕ್ಲೋರೈಡ್, ಟೆಟ್ರಾಹೈಡ್ರೊಫ್ಯೂರಾನ್ ಎಂಬ ನಾಲ್ಕು ದ್ರಾವಕಗಳನ್ನೂ ಬಿಟ್ಟು ಎಥನಾಲ್ ಒಂದರಲ್ಲಿ ಕೆಲಸ ಮುಗಿಸಿತು. ಅದಕ್ಕೆ 2002ರ ಪ್ರಶಸ್ತಿ. ದ್ರಾವಕವನ್ನು ಕೊಂಡು, ಕಾಯಿಸಿ, ಕಳೆದುಕೊಂಡು, ಉಳಿದದ್ದನ್ನು ಸುಡಲು ಮತ್ತೆ ಹಣ ಕೊಡುವುದು ಯಾರಿಗೆ ಲಾಭ? ಮೊದಲ ಹೂಡಿಕೆ ಭಾರವೇ, ಒಪ್ಪುತ್ತೇನೆ. ಒಪ್ಪಿಗೆ ಪಡೆದ ಔಷಧದ ತಯಾರಿಕಾ ವಿಧಾನ ಬದಲಿಸಲು ಔಷಧ ನಿಯಂತ್ರಕರಿಗೂ ತಿಳಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆದರೆ ದ್ರಾವಕವನ್ನು ಮುಚ್ಚಿದ ಕೊಳವೆಯಲ್ಲೇ ಸಾಗಿಸುವುದು, ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವ ಕಂಡೆನ್ಸರನ್ನು ಗಾಳಿಕೊಳವೆಗೆ ಅಳವಡಿಸುವುದು, ದ್ರಾವಕ ಮರುಸಂಗ್ರಹ ಇವುಗಳಿಗೆ ಆ ನೆಪ ಹೇಳಲಾಗದು.

ಸಂಘದ ಕಾರ್ಯದರ್ಶಿ
ಸರ್, ಗೇಟಿನಲ್ಲಿ 'ಶೂನ್ಯ ದ್ರವ ವಿಸರ್ಜನೆ' ಎಂದು ಫಲಕ ಹಾಕಿದ್ದಾರಲ್ಲ?

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು
ಅದು ನೀರಿನ ಮಾತು, ಗಾಳಿಯದಲ್ಲ. ಕೊಳೆ ನೀರನ್ನು ಕುದಿಸಿ ಆವಿ ಮಾಡುವ ಮೊದಲು ಅದರಲ್ಲಿನ ದ್ರಾವಕವನ್ನು ಬೇರ್ಪಡಿಸದಿದ್ದರೆ ಅದೂ ಗಾಳಿಗೆ ಸೇರಬಹುದು. ತಳದಲ್ಲಿ ಉಳಿಯುವ ಉಪ್ಪು ಅಪಾಯಕಾರಿ ತ್ಯಾಜ್ಯ. ಅದು ತ್ಯಾಜ್ಯ ಹೂಳುವ ಯಾವ ಭೂಭರ್ತಿಗೆ ಹೋಯಿತು ಎಂಬುದಕ್ಕೂ ರಸೀದಿ ಇರಬೇಕು.

ವಕೀಲರು, 4ನೇ ಅಡ್ಡರಸ್ತೆ
ಸರ್ ಹೇಳಿದ ಲೆಕ್ಕವನ್ನು ನಾವು ಬೇಡಿ ಪಡೆಯಬೇಕಾಗಿಲ್ಲ. ಪರಿಸರ (ಸಂರಕ್ಷಣೆ) ನಿಯಮಗಳು, 1986ರ 14ನೇ ನಿಯಮದಂತೆ ಇಂಥ ಕಾರ್ಖಾನೆಗಳು ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ 'ಫಾರಂ 5' ಪರಿಸರ ವಿವರಣಾ ಪಟ್ಟಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಒಂದು ಘಟಕ ಉತ್ಪನ್ನಕ್ಕೆ ಬಳಸಿದ ಕಚ್ಚಾವಸ್ತು, ನೀರು, ಅಪಾಯಕಾರಿ ತ್ಯಾಜ್ಯ ಎಲ್ಲಕ್ಕೂ ಅದರಲ್ಲಿ ಅಂಕಣಗಳಿವೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಡಿ ಪರಿಸರ ಅನುಮತಿ ಪಡೆದಿದ್ದರೆ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧವಾರ್ಷಿಕ ಪಾಲನಾ ವರದಿಯೂ ಇರಬೇಕು. ಅದು ಸಾರ್ವಜನಿಕ ದಾಖಲೆ. ಮಾಹಿತಿ ಹಕ್ಕಿನಲ್ಲಿ ಕೇಳೋಣ. ಹತ್ತು ರೂಪಾಯಿ ಶುಲ್ಕ, 30 ದಿನಗಳ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದಗಳ ಮಿತಿ. ಆದ್ದರಿಂದ ಬೇರೆ ಬೇರೆ ಅರ್ಜಿ ಹಾಕುತ್ತೇನೆ. ಪರಿಸರದ ವ್ಯಾಜ್ಯ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬೇಕಾದರೆ ಆರು ತಿಂಗಳ ಕಾಲಮಿತಿ ಇದೆ, ಅದನ್ನು ಮರೆಯಬಾರದು.

2ನೇ ಅಡ್ಡರಸ್ತೆಯ ನಿವಾಸಿ
ಸರಿ, ಮುಚ್ಚಿಸುವ ಮಾತು ಸದ್ಯಕ್ಕೆ ಬಿಡುತ್ತೇನೆ. ನಾವು ಮನೆಯಲ್ಲಿರುವವರು ಮಾಡಬೇಕಾದದ್ದು ಏನು?

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು
ತಾಯಿ, ನಿಮ್ಮ ಕೆಲಸವೇ ಎಲ್ಲಕ್ಕಿಂತ ಮುಖ್ಯ. ವಾಸನೆ ಬಂದ ದಿನ, ಗಂಟೆ, ಗಾಳಿ ಬೀಸಿದ ದಿಕ್ಕು, ಯಾವ ಬಗೆಯ ವಾಸನೆ ಎಂದು ಬರೆದಿಡಿ. ಮೀನಿನ ವಾಸನೆಯಾದರೆ ಅಮೀನ್, ಬಣ್ಣದ ಡಬ್ಬಿಯ ವಾಸನೆಯಾದರೆ ಟಾಲ್ವೀನ್ ಇರಬಹುದು. ಹಲವು ಮನೆಗಳ ದಾಖಲೆಯನ್ನು ಜೋಡಿಸಿದರೆ ಯಾವ ಪಾಳಿಯಲ್ಲಿ ಯಾವ ಕೆಲಸ ನಡೆಯುತ್ತದೆ ಎಂಬುದು ಬಯಲಾಗುತ್ತದೆ. ಮಗುವನ್ನು ವೈದ್ಯರಿಗೆ ತೋರಿಸಿದ ಚೀಟಿಗಳನ್ನೂ ಇಟ್ಟುಕೊಳ್ಳಿ.

5ನೇ ಅಡ್ಡರಸ್ತೆಯ ನಿವಾಸಿ
ಕಾರ್ಮಿಕರ ಆರೋಗ್ಯ ತಪಾಸಣೆಯ ಬೇಡಿಕೆಯನ್ನೂ ಪತ್ರದಲ್ಲಿ ಸೇರಿಸಿ. ತಮ್ಮನ ವಿಷಯ ಈ ಗುಂಪಿನಿಂದ ಹೊರಗೆ ಹೋಗದಿರಲಿ.

ಸಂಘದ ಕಾರ್ಯದರ್ಶಿ
ಹೋಗುವುದಿಲ್ಲ ತಮ್ಮಾ, ಆ ಹೊಣೆ ನನ್ನದು. ಅವರ ಪತ್ರಕ್ಕೆ ಸಹಿ ಇಲ್ಲ. ದ್ರಾವಕದ ಲೆಕ್ಕ, ಕಂಡೆನ್ಸರ್ ಅಳವಡಿಸುವ ದಿನಾಂಕ, ಕಾರ್ಮಿಕರ ತಪಾಸಣೆ ಕೇಳಿ ನಮ್ಮ ಪತ್ರವನ್ನು ವಕೀಲರು ಶನಿವಾರ ಸಂಜೆಯೊಳಗೆ ಸಿದ್ಧಪಡಿಸುತ್ತಾರೆ. ವಾಸನೆಯ ದಾಖಲೆಗೆ ಪ್ರತಿ ಅಡ್ಡರಸ್ತೆಗೆ ಒಂದು ನೋಟ್‌ಬುಕ್ ಕೊಡುತ್ತೇನೆ. 1 ಮತ್ತು 3ನೇ ಅಡ್ಡರಸ್ತೆಯಿಂದ ಇನ್ನೂ ಯಾರೂ ಮುಂದೆ ಬಂದಿಲ್ಲ. ಒಪ್ಪುವವರು ಇಲ್ಲಿಯೇ ತಿಳಿಸಿ.