ಪದಚರ್ಚೆ: ಬೆಚ್ಚಗಾಗುವ ಹಿಡಿಗೆ ‘ಕಾವು’ ಎನ್ನಬಹುದೇ?

ಶಿರಸಿಯ ಸಮೀಪದ ನಮ್ಮೂರಿನ ಹುಡುಗನೊಬ್ಬ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಮರ ಕೊಯ್ಯುವ ತಂಡವೊಂದನ್ನು ಸೇರಿದ್ದಾನೆ. ಅಲ್ಲಿಯ ಚಳಿಗಾಲದ ಕೆಲಸಕ್ಕೆ ಒದಗುವಂಥ ಯಂತ್ರಗರಗಸವನ್ನು (ಚೈನ್‌ಸಾ) ಅವನೇ ಕೊಳ್ಳಬೇಕಾಗಿದೆ. ಅವನ ತಂದೆ ಬಹುಕಾಲ ಗರಗಸದ ಕೆಲಸವನ್ನೇ ಮಾಡಿದವರು. ಅವರನ್ನು ಕೇಳದೆ ಕೊಳ್ಳುವುದಕ್ಕೆ ಮಗನಿಗೆ ಮನಸ್ಸಿಲ್ಲ. ಹೀಗಾಗಿ ಎರಡು ಮೂರು ಯಂತ್ರಗಳ ವಿವರಗಳನ್ನು ನನಗೆ ಕಳಿಸಿ, ಅಪ್ಪನಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಬರೆದುಕೊಡಬೇಕೆಂದು ಕೇಳಿದ. ಬರೆದುಕೊಟ್ಟೆ. ಆದರೆ ನಾನು ಆರಿಸಿದ ಪದಗಳಲ್ಲಿ ಎರಡು ಅವರಿಗೆ ತೀರ ಬೇರೆಯದೇ ಅರ್ಥವನ್ನು ಕೊಟ್ಟವು. ಆ ಎರಡು ಪದಗಳನ್ನು ಕುರಿತು ತಿಳಿದವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ಹಿಡಿಯ ವಿಷಯ. ಚಳಿನಾಡುಗಳಿಗೆಂದು ತಯಾರಾಗುವ ವೃತ್ತಿಪರ ಗರಗಸಗಳಲ್ಲಿ ಮುಂದಿನ ಹಾಗೂ ಹಿಂದಿನ ಹಿಡಿಗಳೊಳಗೆ ತೆಳುವಾದ ವಿದ್ಯುತ್ ತಂತಿಯ ಸುರುಳಿಯನ್ನೋ ಹಾಳೆಯನ್ನೋ ಅಳವಡಿಸಿರುತ್ತಾರೆ. ಎಂಜಿನ್ ತಿರುಗುವಾಗ ಹುಟ್ಟುವ ವಿದ್ಯುತ್ತು ಅದರಲ್ಲಿ ಹರಿದು ಹಿಡಿಯನ್ನು ಬೆಚ್ಚಗಿಡುತ್ತದೆ. ಬೇಡವಾದಾಗ ಗುಂಡಿಯೊಂದನ್ನು ಒತ್ತಿ ಅದನ್ನು ನಿಲ್ಲಿಸಬಹುದು. ಗರಗಸ ತಯಾರಿಸುವ ಕಂಪನಿಗಳಲ್ಲಿ ಹಸ್ಕ್‌ವರ್ನಾದವರು ಇಂಥ ಯಂತ್ರದ ಹೆಸರಿನ ಕೊನೆಗೆ ‘ಜಿ’ ಅಕ್ಷರವನ್ನೂ ಸ್ಟಿಲ್‌ನವರು ‘ಡಬ್ಲ್ಯೂ’ ಅಕ್ಷರವನ್ನೂ ಸೇರಿಸುತ್ತಾರೆ. ಇದಕ್ಕೆ ನಾನು ‘ಬಿಸಿ ಹಿಡಿ’ ಎಂದು ಬರೆದಿದ್ದೆ. ಓದಿದ ಕೂಡಲೇ ಅವರು, ಹಿಡಿ ಬಿಸಿಯಾಗುತ್ತದೆಂದರೆ ಎಂಜಿನ್ನಿನಲ್ಲಿ ಏನೋ ದೋಷವಿದೆಯೆಂದೇ ಅರ್ಥ, ಅಂಥ ಯಂತ್ರವನ್ನು ಹುಡುಗ ಯಾಕೆ ಕೊಳ್ಳಬೇಕು ಎಂದು ಕೇಳಿದರು. ಅವರ ಮಾತು ಸರಿಯಾಗಿಯೇ ಇದೆ. ಬಿಸಿ ಎನ್ನುವುದು ಕೈ ಸುಡುವ, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವಂತೆ ಮಾಡುವ ಗುಣ. ಕೆಲಸದ ಯಂತ್ರದ ಯಾವುದೇ ಭಾಗವನ್ನು ಬಿಸಿಯೆಂದು ಕರೆದರೆ ಅದು ಎಚ್ಚರಿಕೆಯ ಮಾತಾಗಿ ಕೇಳಿಸುತ್ತದೆಯೇ ಹೊರತು ಅನುಕೂಲದ ಮಾತಾಗಿ ಅಲ್ಲ.

ಆಗ ನನಗೆ ಹೊಳೆದ ಪದ ‘ಕಾವು’. ಕೋಳಿ ಮೊಟ್ಟೆಗೆ ಕೊಡುವುದು ಕಾವು. ಒಲೆಯಲ್ಲಿ ಬೆಂಕಿ ಆರಿದ ಮೇಲೂ ಬೂದಿಯಡಿಯಲ್ಲಿ ಉಳಿಯುವುದು ಕಾವು. ಧನುರ್ಮಾಸದ ಬೆಳಗಿನಲ್ಲಿ ಬಚ್ಚಲೊಲೆಯ ಮುಂದೆ ಕುಳಿತು ಚಳಿ ಕಾಸುವವರು ಬಯಸುವುದೂ ಅದನ್ನೇ. ನಿಧಾನವಾಗಿ, ಒಂದೇ ಸಮನಾಗಿ, ಒಂದು ಮೈಯಿಂದ ಇನ್ನೊಂದು ಮೈಗೆ ಹೋಗುವ ಬಿಸುಪು ಎಂಬ ಅರ್ಥ ಈ ಪದದಲ್ಲಿರುವಷ್ಟು ಚೆನ್ನಾಗಿ ಬೇರೆ ಯಾವ ಪದದಲ್ಲಿಯೂ ಇಲ್ಲವೆಂದು ನನ್ನ ಭಾವನೆ. ಹಾಗೆಂದು ‘ಕಾವಿನ ಹಿಡಿ’ ಎಂದು ತಿದ್ದಿ ಓದಿ ಹೇಳಿದೆ. ಅವರು ಇನ್ನಷ್ಟು ಗೊಂದಲಕ್ಕೆ ಬಿದ್ದರು, ಏಕೆಂದರೆ ಮರದ ಕೆಲಸದವರ ಮಾತಿನಲ್ಲಿ ಕಾವು ಎಂದರೆ ಕೊಡಲಿಗೆ ಹಾಕುವ ಮರದ ಹಿಡಿಕೆ. ಕಾವೂ ಹಿಡಿಯೂ ಒಂದೇ ಅಲ್ಲವೇ, ‘ಹಿಡಿಯ ಹಿಡಿ’ ಎಂದರೆ ಏನು ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯಲ್ಲಿರುವುದು ಈ ಕಾವು. ಬಿಸುಪಿನ ಕಾವು ‘ಕಾಯ್’ ಎಂಬ ಧಾತುವಿನಿಂದ, ಅಂದರೆ ಕಾಯು, ಕಾಯಿಸು, ಕಾಸು, ಕಾವಲಿ ಮುಂತಾದವು ಹುಟ್ಟಿದ ಮೂಲದಿಂದಲೇ ಬಂದದ್ದು. ಹಿಡಿಕೆಯ ಕಾವಿನ ನೆಂಟಸ್ತನ ಇರುವುದು ಗಿಡದ ತೊಟ್ಟು, ಕಾಂಡ ಎಂಬ ಅರ್ಥಗಳೂ ಉಳ್ಳ ತಮಿಳಿನ ‘ಕಾಂಬು’, ತೆಲುಗಿನ ‘ಕಾಮ’ ಎಂಬ ಪದಗಳೊಡನೆ. ಬೇರುಗಳು ಬೇರೆಯಾದರೂ ಉಚ್ಚಾರಣೆ ಕನ್ನಡದಲ್ಲಿ ಒಂದೇ ಆಗಿಬಿಟ್ಟಿದೆ. ಸಾಮಾನ್ಯವಾಗಿ ಸಂದರ್ಭವೇ ಅರ್ಥವನ್ನು ತಿಳಿಸಿಬಿಡುವುದರಿಂದ ತೊಡಕಾಗುವುದಿಲ್ಲ. ಮರ ಕಡಿಯುವ ಸಲಕರಣೆಯ ಹಿಡಿಯು ಬೆಚ್ಚಗಾಗುವ ಸಂಗತಿಯನ್ನು ಹೇಳಹೊರಟಾಗ ಮಾತ್ರ ಎರಡೂ ಅರ್ಥಗಳು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಇನ್ನೊಂದು ಸೂಕ್ಷ್ಮವೂ ಇದೆ. ಕಾವು ಎಂದರೆ ಕೊಡಲಿ, ಗುದ್ದಲಿಗಳ ಕಣ್ಣಿನೊಳಗೆ ತೂರಿಸಿ ಕೂಡಿಸುವ ನೇರವಾದ ಕೋಲು. ಯಂತ್ರಗರಗಸದ ಮುಂದಿನ ಹಿಡಿಯಾದರೋ ಬಳೆಯಂತೆ ಬಾಗಿರುವುದರಿಂದ, ಅದನ್ನು ಕಾವು ಎಂದು ಮರದ ಕೆಲಸದವರಾರೂ ಕರೆಯಲಾರರು. ಆದ್ದರಿಂದ ಹಿಡಿಗೆ ಹಿಡಿಯೆಂದೇ ಹೇಳಿ, ಬಿಸುಪಿಗೆ ಮಾತ್ರ ಕಾವು ಎಂದು ಹೇಳುವುದಾದರೆ ‘ಕಾವು ಕೊಡುವ ಹಿಡಿ’ ಎಂಬಷ್ಟು ಉದ್ದವಾದರೂ ಸ್ಪಷ್ಟವಾಗುತ್ತದೆಯೇ ಎಂಬುದು ನನ್ನ ಮೊದಲ ಪ್ರಶ್ನೆ. ‘ಬೆಚ್ಚನೆಯ ಹಿಡಿ’ ಚಿಕ್ಕದಾಗಿದೆ, ನಿಜ. ಆದರೆ ಅದರಲ್ಲಿ ಹಿಡಿಯು ಬೆಚ್ಚಗಿದೆ ಎಂಬ ಸ್ಥಿತಿ ಮಾತ್ರ ಇದೆ. ಕೈಗೆ ಬಿಸುಪನ್ನು ಕೊಡುತ್ತದೆ ಎಂಬ ಕ್ರಿಯೆ ಇಲ್ಲ.

ಆ ಕ್ರಿಯೆಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಯಂತ್ರದ ಅದುರುವಿಕೆಯನ್ನು ವರ್ಷಗಟ್ಟಲೆ ಕೈಯಲ್ಲಿ ತಾಳಿಕೊಂಡವರ ಬೆರಳುಗಳಲ್ಲಿ ರಕ್ತ ಸರಿಯಾಗಿ ಹರಿಯದೆ ತುದಿಗಳು ಬಿಳಿಚಿಕೊಳ್ಳುವ ಕಾಯಿಲೆಯೊಂದಿದೆ. ಚಳಿ ತಗುಲಿದಾಗ ಅದು ಕೆರಳುತ್ತದೆ. ಕೈ ಬೆಚ್ಚಗಿರುವುದು ಅಲ್ಲಿ ಸುಖದ ಮಾತಲ್ಲ, ಬೆರಳು ಉಳಿಸಿಕೊಳ್ಳುವ ಮಾತು. ಇದನ್ನು ವಿವರಿಸುವಾಗ ‘ಜೋಮು’ ಎಂದು ಬರೆಯಲು ಹೊರಟು ತಡೆದುಕೊಂಡೆ. ಜೋಮು ಕಾಲು ಮಡಚಿ ಕುಳಿತಾಗ ಹಿಡಿದು, ಕೊಡವಿದರೆ ಬಿಟ್ಟುಹೋಗುವಂಥದ್ದು. ಇಲ್ಲಿ ಸಲ್ಲುವ ಪದ ‘ಮರಗಟ್ಟು’. ಕೈ ಮರದಂತಾಗುವುದು ಎಂಬ ಈ ಮಾತನ್ನು ಮರದ ಕೆಲಸದವರಿಗೇ ಹೇಳಿದಾಗ, ಅವರು ತಮ್ಮ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡು, ಬಾಕಿ ಏನಿಲ್ಲದಿದ್ದರೂ ಆ ಹಿಡಿ ಇರುವುದನ್ನೇ ಕೊಳ್ಳಲಿ ಎಂದರು.

ಎರಡನೆಯ ಪದ ‘ಮಂಜು’. ಪೆಟ್ರೋಲು, ಅದನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬುರೇಟರಿನಲ್ಲಿ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಿರಿದಾದ ದಾರಿಯಲ್ಲಿ ವೇಗವಾಗಿ ನುಗ್ಗುವ ಗಾಳಿಯೂ ತಣ್ಣಗಾಗುತ್ತದೆ. ಹೊರಗಿನ ಉಷ್ಣತೆ 0 ಡಿಗ್ರಿಯ ಆಸುಪಾಸಿನಲ್ಲಿದ್ದು ಗಾಳಿಯಲ್ಲಿ ತೇವವೂ ಇದ್ದರೆ ಆ ತೇವ ಒಳಗೇ ಗಟ್ಟಿಯಾಗಿ ದಾರಿಯನ್ನು ಕಟ್ಟಿಬಿಡುತ್ತದೆ. ಒಣಗಾಳಿಯ ಕಡುಚಳಿಗಿಂತ ತೇವಗಾಳಿಯ ಈ ನಡುವಿನ ಚಳಿಯಲ್ಲೇ ಇದರ ಕಾಟ ಹೆಚ್ಚು. ‘ಕಾರ್ಬುರೇಟರಿಗೆ ಮಂಜು ಹಿಡಿಯುತ್ತದೆ’ ಎಂದು ಬರೆದರೆ ಘಟ್ಟದ ಮೇಲಿನ ನಮಗೆ ತೋಚುವುದು ದೇವಿಮನೆ ಘಟ್ಟದಲ್ಲಿ ದಾರಿ ಕಾಣದಂತೆ ಕವಿಯುವ ಮಂಜು. ಅದು ಏನನ್ನೂ ಕಟ್ಟುವುದಿಲ್ಲ, ಬಿಸಿಲೇರಿದರೆ ಹೋಗುತ್ತದೆ. ‘ಹಿಮ’ ಎಂದರೆ ಆಕಾಶದಿಂದ ಬೀಳುವುದೆಂದಾಗುತ್ತದೆ. ‘ಹೆಪ್ಪುಗಟ್ಟು’ ನಮ್ಮ ಮನೆಗಳಲ್ಲಿ ಹಾಲಿಗೆ ಸಂಬಂಧಿಸಿದ ಮಾತಾದರೂ, ದ್ರವ ಗಟ್ಟಿಯಾಗಿ ನಿಲ್ಲುವುದೆಂಬ ಅರ್ಥ ಅದರಲ್ಲಿ ಚೆನ್ನಾಗಿಯೇ ಇದೆ. ಕೊನೆಗೆ ನಾನು ‘ನೀರುಗಡ್ಡೆ ಕಟ್ಟುವುದು’ ಎಂದು ಬರೆದೆ. ಫ್ರಿಜ್ಜಿನ ಗೋಡೆಗೆ ಕಟ್ಟುವಂತೆ ಎಂದು ಸೇರಿಸಿದ ಮೇಲೆ ಅವರಿಗೆ ತಿಳಿಯಿತು. ಇದಕ್ಕಿಂತ ಒಳ್ಳೆಯ ಪದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಬೇಕು.

ಈ ಗಡ್ಡೆ ಕಟ್ಟದಂತೆ ಮಾಡಲು ಸಿಲಿಂಡರಿನ ಪಕ್ಕದ ಬಿಸಿಗಾಳಿಯನ್ನು ಕಾರ್ಬುರೇಟರಿನ ಕಡೆಗೆ ಬಿಡುವ ಪುಟ್ಟ ಬಾಗಿಲೊಂದಿರುತ್ತದೆ. ಅದರ ಮೇಲೆ ಒಂದು ಕಡೆ ಸೂರ್ಯನ, ಇನ್ನೊಂದು ಕಡೆ ಹಿಮದ ಹರಳಿನ ಗುರುತಿರುತ್ತದೆ. ಚಳಿ ಕಳೆದ ಮೇಲೆ ಅದನ್ನು ಮರಳಿ ಸೂರ್ಯನ ಕಡೆಗೆ ತಿರುಗಿಸದಿದ್ದರೆ ಎಂಜಿನ್ ಮಿತಿಮೀರಿ ಕಾದು ಹಾಳಾಗುತ್ತದೆ. ಇದಕ್ಕೆ ‘ಗಾಳಿಕಂಡಿ’ ಎಂದು ಹೆಸರಿಟ್ಟೆ. ಆ ಹೆಸರಿನ ಬಗ್ಗೆ ಅವರು ಏನನ್ನೂ ಕೇಳದೆ, ತೋಟದ ನೀರಿಗೆ ಕಂಡಿ ಬಿಡಿಸಿ ಮುಚ್ಚುವ ಹಾಗೆ ಎಂದು ತಾವೇ ವಿವರಿಸಿದರು.

ಉಳಿದವು ಅಷ್ಟು ಕಷ್ಟವಾಗಲಿಲ್ಲ. ಸರಪಳಿಗೆ ಊಡುವ ಎಣ್ಣೆ ಚಳಿಯಲ್ಲಿ ‘ಮಂದ’ವಾಗಿ ಹರಿಯದೆ ಹೋಗುವುದರಿಂದ ತೆಳುವಾದ ಚಳಿಗಾಲದ ಎಣ್ಣೆ ಬೇಕೆಂಬುದು, ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟು ಗೊತ್ತಿರುವವರಿಗೆ ಒಂದೇ ಮಾತಿಗೆ ತಿಳಿಯುತ್ತದೆ. ಹೆಪ್ಪುಗಟ್ಟಿದ ಮರ ಗಡುಸಾಗುವುದರಿಂದ ಚೂಪುಮೂಲೆಯ ಹಲ್ಲಿಗಿಂತ ಮೂಲೆ ಸ್ವಲ್ಪ ದುಂಡಗಿರುವ ಹಲ್ಲು ಹೆಚ್ಚು ಹೊತ್ತು ಬಾಳುತ್ತದೆಂಬುದಕ್ಕೂ, ಅರ ಹಾಕುವ ಮಾತಿಗೂ ಹೊಸ ಪದವೇ ಬೇಕಾಗಲಿಲ್ಲ. ಸರಪಳಿ ಸುತ್ತುವ ಉದ್ದನೆಯ ಪಟ್ಟಿಯ ತುದಿ ಮರಕ್ಕೆ ತಾಗಿ ಯಂತ್ರ ಮುಖದತ್ತ ಚಿಮ್ಮುವುದಕ್ಕೆ, ಬಂದೂಕಿಗೆ ಹೇಳುವಂತೆಯೇ ‘ಒದೆತ’ ಎಂದಿದ್ದೇನೆ.

ಒಂದು ಕ್ರಿಯಾಪದದ ಬಗ್ಗೆ ಮಾತ್ರ ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ನಮ್ಮಲ್ಲಿ ಕೊಡಲಿಯಿಂದ ಮರ ‘ಕಡಿಯುತ್ತಾರೆ’, ಗರಗಸದಿಂದ ‘ಕೊಯ್ಯುತ್ತಾರೆ’, ಕತ್ತಿಯಿಂದ ಟೊಂಗೆ ‘ಸವರುತ್ತಾರೆ’. ಈ ಮೂರೂ ಕೆಲಸಗಳನ್ನು ಒಂದೇ ಯಂತ್ರ ಮಾಡುವಾಗ ಸಲಕರಣೆಯನ್ನು ನೋಡಿ ಎಲ್ಲಕ್ಕೂ ಕೊಯ್ಯು ಎನ್ನಬೇಕೇ, ಕೆಲಸವನ್ನು ನೋಡಿ ಮೂರು ಪದಗಳನ್ನೂ ಉಳಿಸಿಕೊಳ್ಳಬೇಕೇ? ಉಳಿಸಿಕೊಳ್ಳಬೇಕೆಂಬುದು ನನ್ನ ಒಲವು. ಅಂಕೋಲಾ, ಕಾರವಾರದ ಕಡೆಯಲ್ಲಿ ಮರ ಕೊಯ್ಯುವವರ ಹಾಗೂ ದೋಣಿ ಕಟ್ಟುವವರ ಬಾಯಲ್ಲಿ ಇವಕ್ಕೆ ಬೇರೆ ಪದಗಳಿದ್ದರೆ, ಮತ್ತು ಹಿಡಿಕೆಯ ಕಾವನ್ನೂ ಬಿಸುಪಿನ ಕಾವನ್ನೂ ಬೇರ್ಪಡಿಸಿ ಹೇಳುವ ಬಳಕೆ ಅಲ್ಲಿದ್ದರೆ, ಅದನ್ನು ಕೇಳಿದ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.