ಸ್ವೆಟರ್ ಮೇಲೇ ಬಿಪಿ ಕಫ್ ಸುತ್ತಿದ ಹುಡುಗ, ಸುಮ್ಮನೆ ನೋಡುತ್ತಾ ನಿಂತ ಒಂಬತ್ತು ಜನ

ಮಳೆಮೇಷ್ಟ್ರು:
ನಾನು ಮಡಿಕೇರಿ ಕಡೆಯವನು, ಫಿಸಿಯಾಲಜಿ ಟ್ಯೂಟರ್. 2019ರ ಹೊಸ ಪಠ್ಯಕ್ರಮ ಬಂದಮೇಲೆ ಎಂಬಿಬಿಎಸ್ ಮೊದಲ ವರ್ಷದಲ್ಲೇ ಮಕ್ಕಳಿಗೆ ರೋಗಿಗಳ ಒಡನಾಟ ಶುರು. ಒಳ್ಳೆಯದೇ. ಹೋದ ವಾರ ಒಂದು ಹಳ್ಳಿಯಲ್ಲಿ ಬಿಪಿ ನೋಡಲು ಹೋಗಿದ್ದೆವು. ಹತ್ತು ಮಕ್ಕಳು, ಒಂದೇ ಮೆಷಿನ್. ಗುಡ್ಡ ಹತ್ತಿ ಬಂದ ಅಜ್ಜಿಗೆ ಇನ್ನೂ ಏದುಸಿರು. ಹುಡುಗನೊಬ್ಬ ಕೂರಿಸಿದವನೇ ಸ್ವೆಟರ್ ಮೇಲೇ ಕಫ್ ಸುತ್ತಿದ. ಮೇಲಿನದು 170 ಬಂತು. ಐದು ನಿಮಿಷ ಬಿಟ್ಟು, ಸ್ವೆಟರ್ ತೆಗೆಸಿ ನಾನು ನೋಡಿದರೆ 138.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಪಕ್ಕದಲ್ಲಿದ್ದವರಲ್ಲಿ ಮೂವರಿಗೆ ಅದು ತಪ್ಪು ಅಂತ ಗೊತ್ತಿತ್ತಂತೆ. ಬಸ್ಸಲ್ಲಿ ಬಂದು ಹೇಳಿದರು. ಅಲ್ಲೇ ಯಾಕೆ ಹೇಳಲಿಲ್ಲ ಅಂದರೆ, "ಅವನಿಗೆ ಬೇಜಾರಾಗುತ್ತೆ ಸರ್." ಕೈಕೆಲಸ ಕಲಿಸಬಹುದು. ಬಾಯಿ ಬಿಡುವುದನ್ನು ಹೇಗೆ ಕಲಿಸುವುದು?

ವಿರಾಜಪೇಟೆ ಸಿಸ್ಟರ್:
ಸರ್, ನಾನು ರಿಟೈರ್ಡ್ ನರ್ಸ್. ಮೂರು ಮೂರು ಜನ ಮಾಡಿ. ಒಬ್ಬರು ಬಿಪಿ ನೋಡಲಿ, ಒಬ್ಬರು ಬರೆಯಲಿ, ಮೂರನೆಯವರ ಕೆಲಸವೇ ತಪ್ಪು ಹಿಡಿಯುವುದು. ಕೆಲಸ ಅಂತ ಕೊಟ್ಟುಬಿಟ್ಟರೆ ಯಾರಿಗೂ ಬೇಜಾರಿಲ್ಲ.

ಇನ್ನೊಂದು, ಹೇಳಿದ್ದನ್ನು ತಿರುಗಿ ಹೇಳಿಸಿ. ಒಂದು ಜುಲೈ ರಾತ್ರಿ ವಾರ್ಡಿನ ತಗಡಿನ ಮೇಲೆ ಮಳೆ ಧೋ ಅಂತ. ಫೋನಲ್ಲಿ ಡಾಕ್ಟರು ಇನ್ಸುಲಿನ್ ಹೇಳಿದರು. ಫಿಫ್ಟೀನೋ ಫಿಫ್ಟಿಯೋ? "ಒಂದು, ಐದು, ಹದಿನೈದು ಯೂನಿಟ್ಟಾ ಸರ್?" ಅಂದೆ. "ಕಿವಿ ಕೇಳಲ್ವಾ?" ಅಂತ ಬೈದರು. ಹದಿನೈದೇ ಆಗಿತ್ತು. ಬೈಸಿಕೊಂಡರೇನು, ಆ ರೋಗಿ ಬೆಳಿಗ್ಗೆ ಎದ್ದು ಸಕ್ಕರೆ ಹಾಕಿದ ಕಾಫಿಗೆ ನನ್ನ ಹತ್ತಿರ ಜಗಳ ಆಡಿದರು.

ಹೌಸ್‌ಸರ್ಜನ್ ಕುಶಾಲನಗರ:
ಸಿಸ್ಟರ್ ಹೇಳಿದ್ದು ನಿಜ. ನಮಗೆ ಸಿಪಿಆರ್ (ಹೃದಯ ನಿಂತವರ ಎದೆ ಒತ್ತುವುದು) ಕಲಿಯುವ ಗೊಂಬೆಯ ಮೇಲೆ ಬುದ್ಧಿ ಬಂತು. "ಯಾರಾದ್ರೂ 108ಕ್ಕೆ ಫೋನ್ ಮಾಡಿ" ಅಂತ ನಾನು ಕೂಗಿದೆ. ಯಾರೂ ಮಾಡಲಿಲ್ಲ! ಹೆಸರು ಹಿಡಿದು ಹೇಳಬೇಕು, ಅವರು "ಮಾಡಿದೆ" ಅನ್ನಬೇಕು. ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುವಾಗ ಎರಡು ನಿಮಿಷಕ್ಕೇ ತೋಳು ಸೋಲುತ್ತೆ. ಆದರೂ "ನೀನು ಬಾ" ಅನ್ನಲು ನನಗೆ ನಾಚಿಕೆ. ಕೊನೆಗೆ ಎಣಿಸುತ್ತಿದ್ದವಳೇ "ಬದಲಾಯಿಸಿ" ಅಂತ ಗದರಿದಳು.

ಲೈನ್‌ಮನೆ ಡಾಕ್ಟರ್:
ಮೂರು ಜನರ ಉಪಾಯ ಸರಿ, ಆದರೆ ಪಾಳಿ ಬದಲಿಸಿ. ಇಲ್ಲದಿದ್ದರೆ ಬರೆಯುವ ಕೆಲಸ ಯಾವಾಗಲೂ ಹುಡುಗಿಯರಿಗೇ ಬೀಳುತ್ತೆ, ನೋಡಿ ಬೇಕಾದರೆ. ಮತ್ತೆ ತೋಟದ ಲೈನ್‌ಮನೆಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಹೋದಾಗ ಅಲ್ಲಿಯವರ ಭಾಷೆ ಬಲ್ಲ ಮಗುವನ್ನು ಮುಂದೆ ಬಿಡಿ. ಯರವ ಆದಿವಾಸಿಗಳ ಮಾತು ಬರುವ ಒಬ್ಬ ಹುಡುಗ, ಕ್ಲಾಸಲ್ಲಿ ಹಿಂದಿನ ಬೆಂಚು, ಅಲ್ಲಿ ಎಲ್ಲರಿಗೂ ಲೀಡರ್ ಆಗಿದ್ದ.

ಮಳೆಯ ಸದ್ದಿಗೆ ಸ್ಟೆತಾಸ್ಕೋಪಲ್ಲಿ ಏನೂ ಕೇಳದಿದ್ದರೆ ನಾಡಿ ಹಿಡಿದೇ ನೋಡಲಿ. ಮೇಲಿನ ಅಂಕಿಯಾದರೂ ಸಿಗುತ್ತೆ.

ಮಳೆಮೇಷ್ಟ್ರು:
ಶನಿವಾರ ಮಾಡಿಸಿದೆ. ಹೇಗೆ ಅಂತ ತೋರಿಸಲು ಮೊದಲು ನಾನೇ ಬಿಪಿ ನೋಡಲು ಕೂತೆ. ತಪ್ಪು ಹಿಡಿಯುವ ಕೆಲಸ ಸಿಕ್ಕಿದ್ದು ಕ್ಲಾಸಲ್ಲಿ ತುಟಿ ಬಿಚ್ಚದ ಹುಡುಗಿಗೆ. "ಸರ್, ಅಜ್ಜನ ಕೈ ಜೋತು ಬಿದ್ದಿದೆ. ಕೆಳಗೆ ಏನಾದರೂ ಇಡಿ, ಎದೆಯ ಮಟ್ಟಕ್ಕೆ ಬರಬೇಕು ಅಲ್ವಾ?" ಅಂದಳು. ಅಜ್ಜ ನಕ್ಕು ತಮ್ಮ ಮಡಚಿದ ಕಂಬಳಿಯನ್ನೇ ಕೊಟ್ಟರು.